ಒಂದನೇ ಕೈ, ಎರಡನೇ ಕೈ

ಟೈಪಕ್ಕ ಮೂವತ್ತು ವರ್ಷ ನೋಂದಣಿ ಕಚೇರಿಯ ಜಗಲಿಯಲ್ಲಿ ಕುಳಿತು ಊರಿನ ಗುಟ್ಟುಗಳನ್ನೆಲ್ಲ ಟೈಪು ಮಾಡಿದ ಹೆಂಗಸು. ಅಣ್ಣತಮ್ಮಂದಿರ ಪಾಲುಪತ್ರ, ಗಂಡಹೆಂಡಿರು ಬೇರೆಯಾಗುವ ಅರ್ಜಿ, ದತ್ತು ಮಗುವಿನ ಕಾಗದ, ಸತ್ತವರ ಉಯಿಲು, ಎಲ್ಲವೂ ಅವಳ ಬೆರಳುಗಳ ಕೆಳಗೆ ಹಾದುಹೋಗಿವೆ. ಒಂದೇ ಒಂದು ಮಾತು ಹೊರಗೆ ಬಿದ್ದಿಲ್ಲ. ಅವಳ ಬಾಯಿ ಬಿಗಿ ಎಂದು ಜನ ಹೊಗಳುತ್ತಿದ್ದರು. ಅಸಲು ಸಂಗತಿ ಬೇರೆ. ಅವಳು ಏನನ್ನೂ ಓದುತ್ತಲೇ ಇರಲಿಲ್ಲ.

"ನಾನು ಓದಲ್ಲ, ಹೊಡೀತೀನಿ" ಎನ್ನುತ್ತಿದ್ದಳು. ಕಣ್ಣಿನಿಂದ ಬೆರಳಿಗೆ ನೇರ ದಾರಿ, ನಡುವೆ ತಲೆ ಎಂಬ ನಿಲ್ದಾಣದಲ್ಲಿ ಬಸ್ಸು ನಿಲ್ಲುತ್ತಿರಲಿಲ್ಲ. ಒಮ್ಮೆ ತನ್ನ ಸ್ವಂತ ಚಿಕ್ಕಪ್ಪ ಮನೆ ಮಾರುವ ಪತ್ರವನ್ನು ತಾನೇ ಟೈಪು ಮಾಡಿಕೊಟ್ಟು, ಸಂಜೆ ಪಕ್ಕದ ಮನೆಯವರ ಬಾಯಿಂದ ಆ ಸುದ್ದಿ ಕೇಳಿ ಬೆರಗಾದಳಂತೆ. ಇದನ್ನು ಅವಳು ನಾಚಿಕೆಯಿಲ್ಲದೆ ಹೇಳಿಕೊಳ್ಳುತ್ತಿದ್ದಳು. ಬೇರೆಯವರು ಬಿರುದು ಬಾವಲಿಗಳ ಬಗ್ಗೆ ಹೇಳಿಕೊಳ್ಳುವಂತೆ.

ಟೈಪ್‌ರೈಟರ್‌ಗಳ ಕಾಲ ಮುಗಿದು ಜಗಲಿ ಬರಿದಾದ ಮೇಲೆ ಅವಳು ನಮ್ಮಲ್ಲಿಗೆ ಬಂದಳು. ನಮ್ಮಲ್ಲಿ ಎಂದರೆ ವಿಶ್ವವಿದ್ಯಾಲಯದ ಗ್ರಂಥಾಲಯದ ಹಿಂದಿನ ಮೂರು ಕೋಣೆಗಳು. ಹಿಂದೆ ಅಲ್ಲಿ ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದರು, ಗೋಡೆಗೆ ಇನ್ನೂ ಅಂಟಿನ ವಾಸನೆಯಿದೆ. ನೂರು ವರ್ಷ ಹಿಂದಿನ ಹಾಡಿನ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಹಾಕುವ ಯೋಜನೆ. ಹಾಕಿದ ಮೇಲೆ ಯಾವ ಪದ ಎಷ್ಟು ಸಲ ಬಂದಿದೆ, ಯಾವ ಸಾಲು ಯಾವ ಹಾಡಿನಿಂದ ಯಾವ ಹಾಡಿಗೆ ಹಾರಿದೆ ಎಂದು ಯಂತ್ರ ಎಣಿಸುತ್ತದೆ. ಎಣಿಸಿ ಏನು ಮಾಡುತ್ತೀರಿ ಎಂದು ನಾನು ಯೋಜನೆಯ ಮುಖ್ಯಸ್ಥೆ ಮೇಡಂ ಅವರನ್ನು ಕೇಳಿದ್ದೆ. "ಹೋಲಿಸ್ತೀವಿ" ಎಂದರು. ಹೋಲಿಸಿ? "ಪ್ರಬಂಧ ಬರೀತೀವಿ." ಮುಂದಕ್ಕೆ ಕೇಳುವ ಧೈರ್ಯ ನನಗೆ ಬರಲಿಲ್ಲ.

ಪುಟದ ಚಿತ್ರ ನೋಡಿ ಅಕ್ಷರ ಓದುವ ಸಾಫ್ಟ್‌ವೇರ್ ಒಂದಿತ್ತು. ಹಳೆಯ ಸವೆದ ಅಚ್ಚಿನ ಮುಂದೆ ಅದು ಮೊದಲ ಪುಟದಲ್ಲೇ ಕೈಚೆಲ್ಲಿತು. ಹಾಗಾಗಿ ಮೇಡಂ ಹಳೆಯ ಉಪಾಯ ಹಿಡಿದರು. ಒಂದೇ ಪುಸ್ತಕವನ್ನು ಇಬ್ಬರು ಬೇರೆ ಬೇರೆ ಕೋಣೆಯಲ್ಲಿ ಕುಳಿತು ಪೂರ್ತಿ ಟೈಪು ಮಾಡಬೇಕು. ಒಬ್ಬರ ಕಡತಕ್ಕೆ ಒಂದನೇ ಕೈ ಎಂದು ಹೆಸರು, ಇನ್ನೊಬ್ಬರದಕ್ಕೆ ಎರಡನೇ ಕೈ. ಕಂಪ್ಯೂಟರ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತದೆ. ಒಂದೇ ಆಗಿದ್ದರೆ ಕಪ್ಪು, ಬೇರೆಯಾಗಿದ್ದರೆ ಕೆಂಪು. ಕೆಂಪು ಬಿದ್ದಲ್ಲಿ ಮೂರನೆಯವನೊಬ್ಬ ಮೂಲ ಪುಟ ತೆರೆದು ಯಾರದು ಸರಿ ಎಂದು ಗುಂಡಿ ಒತ್ತಬೇಕು. ಆ ಮೂರನೆಯವನು ನಾನು. ಅಚ್ಚುಕೂಟದಲ್ಲಿ ಇಪ್ಪತ್ತಾರು ವರ್ಷ ಕರಡು ತಿದ್ದಿ, ಬೇರೆಯವರ ತಪ್ಪು ಹುಡುಕುವುದು ಬಿಟ್ಟರೆ ಬೇರೇನೂ ಬಾರದವನು.

ಕಪ್ಪು ಬಿದ್ದ ಜಾಗವನ್ನು ಯಾರೂ ನೋಡುವುದಿಲ್ಲ. ಇಬ್ಬರು ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡುವುದಿಲ್ಲ ಎಂಬ ನಂಬಿಕೆಯ ಮೇಲೆ ಇಡೀ ಕಟ್ಟಡ ನಿಂತಿದೆ. ಆದ್ದರಿಂದ ಇಬ್ಬರು ಟೈಪಿಸ್ಟರು ಕೆಲಸದ ಬಗ್ಗೆ ಒಬ್ಬರೊಡನೊಬ್ಬರು ಒಂದು ಮಾತೂ ಆಡಕೂಡದು. ಈ ನಿಯಮವನ್ನು ಮೇಡಂ ದಪ್ಪಕ್ಷರದಲ್ಲಿ ಬರೆಸಿ ಗೋಡೆಗೆ ಅಂಟಿಸಿದ್ದರು.

ಎರಡನೇ ಕೈಗೆ ಜನ ಬೇಕು ಎಂದು ಹುಡುಕುತ್ತಿದ್ದಾಗ, ಜೆರಾಕ್ಸ್ ಅಂಗಡಿಯಲ್ಲಿ ವಿದ್ಯಾರ್ಥಿಗಳ ಪ್ರಬಂಧ ಟೈಪು ಮಾಡಿಕೊಡುತ್ತಿದ್ದ ಹೆಂಗಸೊಬ್ಬಳು ಅರ್ಜಿ ಹಾಕಿದಳು. ಸಂದರ್ಶನಕ್ಕೆ ಬಂದವಳನ್ನು ಬಾಗಿಲಲ್ಲೇ ನೋಡಿ ಟೈಪಕ್ಕ ಎದ್ದು ನಿಂತಳು.

"ಅವಳಿರೋ ರೂಮಲ್ಲಿ ನಾನು ಕೂರಲ್ಲ."

"ಯಾಕೆ? ಯಾರವರು?" ಮೇಡಂ ಕೇಳಿದರು.

"ನನ್ನ ತಂಗಿ."

"ಮಾತುಕತೆ ಇಲ್ವಾ?"

"ಒಂಬತ್ತು ವರ್ಷ ಆಯ್ತು."

ಮೇಡಂ ಅವರ ಮುಖ ಅರಳಿದ ಪರಿಯನ್ನು ನಾನು ಮರೆಯಲಾರೆ. ಆ ಕ್ಷಣವೇ ತಂಗಿಗೆ ಕೆಲಸ ಸಿಕ್ಕಿತು. ಊರಿನಲ್ಲಿ ಆ ಇಬ್ಬರಿಗಿಂತ ಅರ್ಹರು ಬೇರೆ ಯಾರಿದ್ದರು?

ಜಗಳದ ವಿಷಯ ನನಗೆ ಇಬ್ಬರೂ ಹೇಳಿದ್ದಾರೆ, ಬೇರೆ ಬೇರೆಯಾಗಿ. ಆಶ್ಚರ್ಯವೆಂದರೆ ಎರಡೂ ಕಥೆ ಒಂದೇ, ಕೆಂಪು ಬೀಳುವ ಜಾಗವೇ ಇಲ್ಲ. ಅವರ ತಾಯಿ ಶಾಲೆಯ ಸಮವಸ್ತ್ರ ಹೊಲಿದು ಇಬ್ಬರನ್ನೂ ಸಾಕಿದವಳು. ಮುಪ್ಪಿನಲ್ಲಿ ಮೂರು ವರ್ಷ ಹಾಸಿಗೆ ಹಿಡಿದಳು. ತಂಗಿ ಗಂಡನ ನೌಕರಿಯ ಕಾರಣಕ್ಕೆ ದೂರದ ಊರಿನಲ್ಲಿದ್ದಳು. ನೋಡಿಕೊಂಡವಳು ಮದುವೆಯಾಗದೆ ಉಳಿದ ಅಕ್ಕ. ಸುದ್ದಿ ಮುಟ್ಟಿ ತಂಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಾಗಿಲಲ್ಲಿ ನಿಂತು ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮ ನನ್ನ ಕೇಳಿದ್ಳಾ?" ಅಕ್ಕ ಹತ್ತು ಜನರೆದುರು ಹೇಳಿದಳು: "ಒಂದು ಸಲಾನೂ ಕೇಳಲಿಲ್ಲ."

ಅಷ್ಟೇ. ಆಮೇಲೆ ಗಂಡ ಹೋದ ಮೇಲೆ ತಂಗಿ ಇದೇ ಊರಿಗೆ ಬಂದು ಪಕ್ಕದ ಬೀದಿಯಲ್ಲೇ ಮನೆ ಮಾಡಿದಳು. ತರಕಾರಿ ಅಂಗಡಿಯಲ್ಲಿ ಎದುರಾದರೆ ಒಬ್ಬಳು ಬದನೆಕಾಯಿ ನೋಡುತ್ತಿದ್ದಳು, ಇನ್ನೊಬ್ಬಳು ಚಾವಣಿ ನೋಡುತ್ತಿದ್ದಳು.

ಎರಡು ವರ್ಷ ಕೆಲಸ ನೀರು ಕುಡಿದಷ್ಟು ಸಲೀಸಾಗಿ ಸಾಗಿತು. ಮೂವತ್ತೊಂದು ಪುಸ್ತಕ ಮುಗಿದವು. ಮೇಡಂ ಹೊರಗಿನ ಸಭೆಗಳಲ್ಲಿ "ನಮ್ಮ ಎರಡು ಕೈಗಳ ಸ್ವಾತಂತ್ರ್ಯ ಸಂಪೂರ್ಣ" ಎಂದು ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದರು. ನಾನು ನನ್ನ ಪಾಡಿಗೆ ಕೆಂಪು ಕಂಡಲ್ಲಿ ಗುಂಡಿ ಒತ್ತುತ್ತಿದ್ದೆ. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕೆಂಪು, ಅದರಲ್ಲಿ ಇಪ್ಪತ್ತು ತಂಗಿಯದೇ ತಪ್ಪು. ತಂಗಿ ಓದುತ್ತಾ ಟೈಪು ಮಾಡುತ್ತಿದ್ದಳು. ಹಾಡು ಚೆನ್ನಾಗಿದ್ದಲ್ಲಿ ಬೆರಳು ಎಡವುತ್ತಿತ್ತು. ಅಕ್ಕನದು ಚಾಚೂ ತಪ್ಪದ ನಕಲು, ಪುಟದ ಮೇಲೆ ನೊಣ ಸತ್ತು ಅಂಟಿದ್ದರೆ ಅದನ್ನೂ ಹೊಡೆದಾಳು.

ಯೋಜನೆಗೆ ಹಣ ಕೊಡುವವರ ಪರಿಶೀಲನಾ ತಂಡ ಬರುವುದಕ್ಕೆ ಹತ್ತು ದಿನ ಇತ್ತು. ಮೇಡಂ ಅವರು ಎಲ್ಲ ಕಡತಗಳ ಸಾಲು ಎಣಿಸಿ, ಪುಸ್ತಕಗಳ ಕೊನೆಯಲ್ಲಿರುವ, ಯಾವ ಹಾಡಿಗೆ ಎಷ್ಟು ಸಾಲು ಎಂಬ ಪಟ್ಟಿಯೊಡನೆ ತಾಳೆ ನೋಡುವ ಸಣ್ಣ ಪ್ರೋಗ್ರಾಂ ಓಡಿಸಿದರು. ಎಲ್ಲವೂ ತಾಳೆಯಾಯಿತು, ಒಂದು ಹಾಡು ಬಿಟ್ಟು. ಒಂದು ಪುಸ್ತಕದ ಎಂಬತ್ತೇಳನೇ ಹಾಡು, ಊರು ಬಿಟ್ಟು ಗಾಡಿಯಲ್ಲಿ ಹೊರಟ ಹುಡುಗಿಯದು. ಪಟ್ಟಿಯ ಪ್ರಕಾರ ಇಪ್ಪತ್ತೆರಡು ಸಾಲು. ನಮ್ಮ ಕಡತದಲ್ಲಿ ಇಪ್ಪತ್ತಾರು.

ನಾನು ಮೂಲ ಪುಟ ತೆರೆದೆ. ಇಪ್ಪತ್ತೆರಡೇ ಇದ್ದವು. ಒಂದನೇ ಕೈ ನೋಡಿದೆ, ಇಪ್ಪತ್ತಾರು. ಎರಡನೇ ಕೈ, ಇಪ್ಪತ್ತಾರು. ಪುಸ್ತಕದಲ್ಲಿಲ್ಲದ ನಾಲ್ಕು ಸಾಲು ಎರಡರಲ್ಲೂ ಹಾಡಿನ ಕೊನೆಯಲ್ಲಿ, ಅಕ್ಷರ ಅಕ್ಷರ ಒಂದೇ, ಕಪ್ಪಗೆ ಕುಳಿತಿದ್ದವು:

ಕಟ್ಟಬೇಡ ಅಣ್ಣಯ್ಯ ಗಾಡಿಗೆ ಎತ್ತನ್ನ
ದಾರಿ ಎಲ್ಲಿಗೂ ಓಡಿ ಹೋಗಲ್ಲ
ಹೊತ್ತು ಮುಳುಗಲಿ ಬಿಡು, ಹೊತ್ತು ಮೂಡಲಿ ಬಿಡು
ಎಣಿಸಿದವರೆಲ್ಲ ಇನ್ನೂ ಬಂದಿಲ್ಲ

ಮುಚ್ಚಿಡಬಹುದಿತ್ತು. ಆದರೆ ಇಪ್ಪತ್ತಾರು ವರ್ಷದ ಚಾಳಿ, ತಪ್ಪು ಕಂಡರೆ ಸುಮ್ಮನಿರಲು ಬರುವುದಿಲ್ಲ. ಮೇಡಂ ಅವರಿಗೆ ತೋರಿಸಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇಬ್ಬರಲ್ಲಿ ಒಬ್ಬರು ಇನ್ನೊಬ್ಬರದನ್ನ ಕಾಪಿ ಮಾಡ್ತಿದ್ದಾರೆ. ಎಷ್ಟು ದಿನದಿಂದಲೋ ಯಾರಿಗೆ ಗೊತ್ತು. ಮೂವತ್ತೊಂದು ಪುಸ್ತಕಾನೂ ನಂಬೋ ಹಾಗಿಲ್ಲ. ಎಲ್ಲಾ ಹೊಸಬರಿಂದ ಮೊದಲಿಂದ ಮಾಡಿಸ್ಬೇಕು."

"ಅವರು ಒಬ್ರನ್ನೊಬ್ರು ಮುಖ ಎತ್ತಿ ನೋಡಲ್ಲ ಮೇಡಂ."

"ಹಾಗಂತ ನಮಗೆ ತೋರಿಸ್ತಿದ್ದಾರೆ" ಎಂದರು ಮೇಡಂ.

ಟೈಪಕ್ಕನನ್ನು ಕರೆಸಿದರು. ಮೇಡಂ ವಿಷಯ ಹೇಳುತ್ತಿದ್ದಾಗ ಅವಳ ಮುಖ ಕೆಂಪಗಾಗಿ, ಆಮೇಲೆ ಬಿಳಿಚಿಕೊಂಡಿತು. ಕೆಲಸ ಹೋಗುವುದು ಒಂದು. ಐವತ್ತೆಂಟನೇ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ? ಆದರೆ ಅವಳಿಗೆ ತಡೆಯಲಾಗದೆ ಹೋದದ್ದು ಅದಲ್ಲ.

"ಮೂವತ್ತು ವರ್ಷ ಜನ ನನ್ನ ಮುಂದೆ ಮನೆ ಮರ್ಯಾದೆ ಎಲ್ಲಾ ಬಿಚ್ಚಿಟ್ಟಿದ್ದಾರೆ ಮೇಡಂ. ನಾನು ಕದ್ದು ನೋಡ್ತೀನಿ ಅಂತ ಇವತ್ತಿನವರೆಗೂ ಒಬ್ಬರೂ ಅಂದಿಲ್ಲ. ಪುಟದಲ್ಲಿ ಏನಿದೆಯೋ ಅದನ್ನೇ ಹೊಡ್ದಿದ್ದೀನಿ."

"ಪುಟದಲ್ಲಿ ಇಲ್ವಲ್ಲ" ಎಂದು ನಾನು ಪರದೆಯನ್ನು ಅವಳ ಕಡೆ ತಿರುಗಿಸಿದೆ.

ಅವಳು ಆ ನಾಲ್ಕು ಸಾಲು ಓದಿದಳು. ನಿಜವಾಗಿ ಓದಿದಳು, ತುಟಿ ಅಲುಗುತ್ತಿತ್ತು. ಓದಿ ಮುಗಿಸಿ ಕುರ್ಚಿ ಎಳೆದುಕೊಂಡು, ಯಾರೂ ಹೇಳದಿದ್ದರೂ ಕುಳಿತಳು.

"ಇದು ನಮ್ಮಮ್ಮ" ಎಂದಳು.

ತಾಯಿ ಹೊಲಿಗೆ ಯಂತ್ರ ತುಳಿಯುತ್ತಾ ಈ ಹಾಡು ಹಾಡುತ್ತಿದ್ದಳಂತೆ. ಆದರೆ ಹಾಡು ಚಿಕ್ಕದು, ಪ್ಯಾಂಟಿನ ಕಾಲು ಉದ್ದ. ಹೊಲಿಗೆ ತುದಿ ಮುಟ್ಟುವ ಮುಂಚೆಯೇ ಹಾಡು ಮುಗಿದುಹೋಗುತ್ತಿತ್ತು. ನಡುವೆ ನಿಲ್ಲಿಸಿದರೆ ಕಾಲಿನ ಲಯ ತಪ್ಪಿ ಹೊಲಿಗೆ ವಕ್ರವಾಗುತ್ತಿತ್ತು. ಅದಕ್ಕೆ ನಾಲ್ಕು ಸಾಲು ತಾನೇ ಕಟ್ಟಿ ಸೇರಿಸಿಕೊಂಡಳು. ಚಿಕ್ಕ ಹುಡುಗರ ಚಡ್ಡಿಗಾದರೆ ಬಿಟ್ಟುಬಿಡುತ್ತಿದ್ದಳು. ಅದೇ ಕೋಣೆಯಲ್ಲಿ ಗೋಡೆಗೊರಗಿ ಇಬ್ಬರು ಮಕ್ಕಳು ಗುಂಡಿ ಹಚ್ಚುತ್ತಾ ಬೆಳೆದರು. ಎಂಬತ್ತೇಳನೇ ಹಾಡು ಬಂದಾಗ ಇಬ್ಬರ ಕಣ್ಣೂ ಪುಟದ ಮೇಲೇ ಇತ್ತು, ಬೆರಳು ಮಾತ್ರ ಆ ಕೋಣೆಗೆ ಹೋಗಿಬಂದಿತ್ತು. ಓದುವ ತಂಗಿಗೂ ತಿಳಿಯಲಿಲ್ಲ, ಓದದ ಅಕ್ಕನಿಗೂ ತಿಳಿಯಲಿಲ್ಲ.

ಮೇಡಂ ಕನ್ನಡಕ ಮತ್ತೆ ಹಾಕಿಕೊಂಡರು. ಅವರಿಗೆ ಕಥೆ ಹಿಡಿಸಿತ್ತು. ಆದರೆ ಕಥೆ ಹಿಡಿಸಿತು ಎಂದು ವರದಿಯಲ್ಲಿ ಬರೆಯುವ ಹಾಗಿಲ್ಲ.

"ಪರೀಕ್ಷೆ ಮಾಡೋಣ" ಎಂದರು. "ನಿಮ್ಮ ತಾಯಿ ಹಾಡ್ತಿದ್ದ ಪೂರ್ತಿ ಹಾಡನ್ನ ಇಬ್ಬರೂ ನೆನಪಿಂದ ಟೈಪು ಮಾಡಿ. ಒಂದೇ ಹೊತ್ತಿಗೆ, ಬೇರೆ ಬೇರೆ ಕೋಣೆಯಲ್ಲಿ. ಹಾಡು ಸಲ ಸಲಕ್ಕೂ ಬದಲಾಗತ್ತೆ, ಅದಕ್ಕೆ ಕೊನೇ ಸಲ ಅವರ ಬಾಯಿಂದ ಹೇಗೆ ಕೇಳಿದ್ರೋ ಹಾಗೇ ಬರೀಬೇಕು. ಸುಳ್ಳಾದ್ರೆ ಗೊತ್ತಾಗತ್ತೆ."

ಕೂಡಲೇ ಮಾಡಿಸಿದರು, ಅವರಿಬ್ಬರೂ ಮಾತಾಡಿಕೊಳ್ಳಲು ಬಿಡುವು ಸಿಗದಂತೆ. ಇಬ್ಬರ ಫೋನೂ ತೆಗೆದಿಟ್ಟುಕೊಂಡರು. ಎರಡೂ ಬಾಗಿಲಿಗೆ ಗ್ರಂಥಾಲಯದ ಅಟೆಂಡರುಗಳು ನಿಂತರು. ನಾನು ಮಧ್ಯದ ಕೋಣೆಯಲ್ಲಿ ಕುಳಿತು ಪರದೆ ನೋಡುತ್ತಿದ್ದೆ. ನಮ್ಮ ಸಾಫ್ಟ್‌ವೇರಿನಲ್ಲಿ ಒಂದು ಕೆಟ್ಟ ಗುಣವಿದೆ, ಪ್ರತಿ ಬೆರಳಿನ ಏಟಿಗೂ ಗಡಿಯಾರ ಹಿಡಿಯುತ್ತದೆ. ತಂಗಿ ಎಡವುತ್ತಾ, ಅಳಿಸುತ್ತಾ, ಆರು ನಿಮಿಷದಲ್ಲಿ ಮುಗಿಸಿದಳು. ಅಕ್ಕನದು ಎಂದಿನಂತೆ ಮಳೆಯ ಹಾಗೆ ಒಂದೇ ಸಮ. ಇಪ್ಪತ್ತೈದು ಸಾಲು ಮೂರೂವರೆ ನಿಮಿಷದಲ್ಲಿ ಆಯಿತು. ಆಮೇಲೆ ನಿಂತಿತು.

ಒಂದು ನಿಮಿಷ. ಮೂರು. ಮರೆತಿರಬೇಕು ಅಂದುಕೊಂಡೆ. ಮರೆತಿದ್ದರೆ ಕೆಲಸ ಹೋಯಿತು ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಎಂಟು ನಿಮಿಷದ ಮೇಲೆ ಅಟೆಂಡರು ಇಣುಕಿ, "ಸುಮ್ನೆ ಕೂತಿದ್ದಾರೆ ಸಾರ್" ಎಂದ. ಒಂಬತ್ತನೇ ನಿಮಿಷಕ್ಕೆ ಕೊನೆಯ ಸಾಲು ಬಂತು, ಮತ್ತೆ ಅದೇ ವೇಗದಲ್ಲಿ, ಒಂದು ಅಕ್ಷರವನ್ನೂ ಅಳಿಸದೆ.

ಹೋಲಿಕೆಗೆ ಕೊಟ್ಟೆ. ಇಪ್ಪತ್ತೈದು ಸಾಲು ಕಪ್ಪು. ಇಪ್ಪತ್ತಾರನೆಯದು ಕೆಂಪು.

ಮೇಡಂ ಖುಷಿಯಿಂದ ಮೇಜು ಕುಟ್ಟಿದರು. "ನೋಡಿ! ಹಾಡು ಇಬ್ಬರಿಗೂ ಬಾಯಿಪಾಠ. ಕಾಪಿ ಮಾಡಿದ್ರೆ, ಮೊದಲೇ ಮಾತಾಡಿಕೊಂಡಿದ್ರೆ, ಈ ವ್ಯತ್ಯಾಸ ಬರ್ತಿರಲಿಲ್ಲ. ಇಬ್ಬರೂ ಸಾಚಾ. ಇದನ್ನ ವರದಿಗೆ ಹಾಕಿ." ಮೂವತ್ತೊಂದು ಪುಸ್ತಕ ಉಳಿದವು, ಎರಡು ಕೆಲಸ ಉಳಿದವು. ಅವರು ಆಗಲೇ ಪರಿಶೀಲನಾ ತಂಡಕ್ಕೆ ಪತ್ರ ಬರೆಯಲು ತಮ್ಮ ಕೋಣೆಗೆ ಹೊರಟರು.

ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಕಡತ ಮುಚ್ಚಬೇಕಾದರೆ ಪ್ರತಿ ಕೆಂಪಿಗೂ ಒಂದು ಗುಂಡಿ ಒತ್ತಬೇಕು, ಒಂದನೇ ಕೈ ಸರಿಯೋ ಎರಡನೇ ಕೈ ಸರಿಯೋ ಎಂದು. ತೆರೆದು ನೋಡಲು ಪುಟವಿಲ್ಲ. ಮೂಲ ಸತ್ತು ಹನ್ನೊಂದು ವರ್ಷವಾಗಿದೆ. ನನ್ನ ದಡ್ಡ ತಲೆಗೆ ಹೊಳೆದದ್ದು ಒಂದೇ. ಇಬ್ಬರನ್ನೂ ಕರೆದು ಕೇಳುವುದು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಅಕ್ಕತಂಗಿಯರು ಒಂದೇ ಕೋಣೆಯಲ್ಲಿ, ಒಂದೇ ಪರದೆಯ ಮುಂದೆ ನಿಂತರು, ನಡುವೆ ನನ್ನನ್ನು ಬೇಲಿಯ ಹಾಗೆ ಇಟ್ಟುಕೊಂಡು.

ಎಡಗಡೆ ಒಂದನೇ ಕೈ, ಅಕ್ಕನದು: ಚಿಕ್ಕವಳೊಬ್ಬಳು ಇನ್ನೂ ಬಂದಿಲ್ಲ.

ಬಲಗಡೆ ಎರಡನೇ ಕೈ, ತಂಗಿಯದು: ಎಣಿಸಿದವರೆಲ್ಲ ಇನ್ನೂ ಬಂದಿಲ್ಲ.

ತಂಗಿ ಓದುವವಳು. ಒಂದೇ ನೋಟಕ್ಕೆ ಓದಿದಳು. ಮನೆಯಲ್ಲಿ ಅವಳನ್ನು ತಾಯಿ ಕರೆಯುತ್ತಿದ್ದದ್ದು ಚಿಕ್ಕವಳು ಎಂದು. ಅದು ನನಗೆ ಆಗ ಗೊತ್ತಿರಲಿಲ್ಲ, ಅವಳ ಮುಖ ನೋಡಿ ತಿಳಿಯಿತು.

"ಇದು ಯಾವಾಗ?" ಎಂದಳು. ನನ್ನನ್ನು ಕೇಳಿದಳೋ ಪರದೆಯನ್ನು ಕೇಳಿದಳೋ.

"ಕೊನೇ ವಾರ" ಎಂದಳು ಟೈಪಕ್ಕ.

"ಎಷ್ಟು ಸಲ ಹಾಡಿದ್ಳು?"

"ಬೆಳಗ್ಗೆ ಎದ್ರೆ ಅದೇ. ಬೇರೆ ಎಲ್ಲಾ ಮರ್ತು ಹೋಗಿತ್ತು. ನನ್ನ ಹೆಸರೂ ಮರ್ತು ಹೋಗಿತ್ತು. ಆ ಹಾಡು ಒಂದೇ ಉಳ್ದಿತ್ತು, ಅದ್ರಲ್ಲಿ ನೀನು."

"ಒಂದು ಸಲಾನೂ ಕೇಳಲಿಲ್ಲ ಅಂದೆಯಲ್ಲೇ ನೀನು."

"ಅಂದೆ."

ನಾನು ಎದ್ದು ಹೋಗಬೇಕೆಂದುಕೊಂಡೆ. ಆದರೆ ಇಬ್ಬರ ನಡುವೆ ಸಿಕ್ಕಿಬಿದ್ದಿದ್ದೆ, ಕುರ್ಚಿ ಹಿಂದಕ್ಕೆ ಜರುಗುತ್ತಿರಲಿಲ್ಲ.

"ಮೂರು ವರ್ಷ ತಿನ್ನಿಸಿದವಳು ನಾನು, ತೊಳೆದವಳು ನಾನು, ಎತ್ತಿ ಮಲಗಿಸಿದವಳು ನಾನು" ಎಂದಳು ಟೈಪಕ್ಕ. ದನಿ ಏರಲಿಲ್ಲ, ದಸ್ತಾವೇಜು ಓದಿದಂತೆ ಹೇಳಿದಳು. "ಕರೆಯೋದು ನಿನ್ನ. ನನ್ನ ಮುಖ ನೋಡ್ಕೊಂಡು ನಿನ್ನ ಕರೀತಿದ್ಳು. ನೀನು ಬಾಗಿಲಲ್ಲಿ ನಿಂತು ಕೇಳಿದಾಗ ನನ್ನ ಹೊಟ್ಟೆ ಉರಿದುಹೋಯ್ತು. ಅಂದ್ಬಿಟ್ಟೆ. ಅಂದ ಮೇಲೆ ವಾಪಸ್ ತಗೊಳ್ಳೋಕೆ ಬಾಯಿ ಬರಲಿಲ್ಲ."

"ಮತ್ತೆ ಇವತ್ತು ಯಾಕೆ ಹೊಡೆದೆ? ನಂದೂ ನಿಂದೂ ಒಂದೇ ಆಗಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಕೊನೇ ಸಲ ಹೇಗೆ ಕೇಳಿದೆಯೋ ಹಾಗೇ ಹೊಡಿ ಅಂದ್ರು ಮೇಡಂ" ಎಂದಳು ಟೈಪಕ್ಕ. "ಬಾಯಲ್ಲಿ ಸುಳ್ಳು ಹೇಳ್ದೆ. ಬೆರಳಲ್ಲಿ ಯಾವತ್ತೂ ಹೇಳಿಲ್ಲ."

ತಂಗಿ ಮೇಜಿನ ಅಂಚು ಹಿಡಿದು ಅತ್ತಳು. ಸದ್ದಿಲ್ಲದ ಅಳುವಲ್ಲ, ಪಕ್ಕದ ಓದುವ ಕೋಣೆಯಿಂದ ಇಬ್ಬರು ಎದ್ದು ಬಂದು ನೋಡಿಹೋಗುವಂಥ ಅಳು. ಟೈಪಕ್ಕ ಅಳಲಿಲ್ಲ. ಅವಳ ಬಲಗೈ ಎರಡು ಮೂರು ಸಲ ಮುಂದಕ್ಕೆ ಬಂದು, ನಡುವೆ ನಾನಿದ್ದದ್ದರಿಂದ ನನ್ನ ಹೆಗಲಿಗೆ ತಾಗಿ ಹಿಂದಕ್ಕೆ ಹೋಯಿತು.

ಕೊನೆಗೆ ಕಣ್ಣೊರಸಿಕೊಂಡು ತಂಗಿ ನನ್ನನ್ನು ಕೇಳಿದಳು, "ಯಾರದು ಸರಿ ಅಂತ ಒತ್ತಬೇಕಾ ಸಾರ್?"

"ಹೂಂ."

"ಅಕ್ಕಂದು."

ಒಂದನೇ ಕೈ ಎಂದು ಒತ್ತಿದೆ. ಸಾಲು ಕಪ್ಪಾಯಿತು.

ಪರಿಶೀಲನಾ ತಂಡ ಬಂದು ಹೋಯಿತು, ವರದಿ ಮೆಚ್ಚಿಕೊಂಡಿತು. ಆದರೆ ಅಷ್ಟರೊಳಗೆ ಯೋಜನೆಗೆ ಬೇರೆ ಸಂಕಟ ಶುರುವಾಗಿತ್ತು. ಮೊದಲ ಮೂರು ದಿನ ಅಕ್ಕತಂಗಿಯರು ಎಂದಿನಂತೆ ಮಾತಿಲ್ಲದೆ ಇದ್ದರು. ನಾಲ್ಕನೇ ದಿನ ಬೆಳಗ್ಗೆ ಒಟ್ಟಿಗೆ ನಡೆದು ಬಂದರು. ಐದನೇ ದಿನ ಒಂದೇ ಊಟದ ಡಬ್ಬಿ. ಆಮೇಲೆ ಊಟದ ಬಿಡುವು ಮುಗಿದ ಮೇಲೂ ಗೋಡೆಯಾಚೆಯಿಂದ ಗುಸುಗುಸು, ನಗು, ಒಮ್ಮೆ ಜಗಳ ಕೂಡ. ಕೆಂಪು ಸಾಲುಗಳು ದಿನಕ್ಕೆ ಎಂಟಕ್ಕೆ ಇಳಿದವು. ಎಲ್ಲಾದರೂ ಅಕ್ಷರ ಸವೆದಿದ್ದರೆ ತಂಗಿ ಅಲ್ಲಿಂದಲೇ ಕೂಗಿ ಕೇಳುತ್ತಿದ್ದಳು, "ಅಕ್ಕಾ, ಇದೇನೇ?"

ಮೇಡಂ ಇಬ್ಬರನ್ನೂ ಕರೆಸಿದರು. ಅವರು ಕೆಟ್ಟವರಲ್ಲ, ನಿಜವಾಗಿ ನೊಂದಿದ್ದರು. "ನೀವು ಮಾತಾಡೋದು ನಂಗೆ ಸಂತೋಷವೇ. ಆದ್ರೆ ಹೀಗಾದ್ರೆ ನಮ್ಮ ವಿಧಾನವೇ ಬಿದ್ದು ಹೋಗತ್ತೆ. ಮನೇಲಿ ಎಷ್ಟು ಬೇಕಾದ್ರೂ ಮಾತಾಡಿ. ಇಲ್ಲಿ ಹತ್ತರಿಂದ ಐದರವರೆಗೆ ಬೇಡ. ಅಷ್ಟು ಮಾತು ಕೊಡಿ, ಇಬ್ಬರೂ ಇರಿ. ಇಲ್ಲಾಂದ್ರೆ ಒಬ್ಬರನ್ನ ಬಿಡಬೇಕಾಗತ್ತೆ."

"ನಾನು ಮಾತು ಕೊಡ್ತೀನಿ ಮೇಡಂ" ಎಂದಳು ತಂಗಿ, ಅಕ್ಕನ ಕೆಲಸ ಹೋದೀತು ಎಂಬ ಹೆದರಿಕೆಯಿಂದ.

ಟೈಪಕ್ಕ ಮೇಜಿನ ಮೇಲಿದ್ದ ತನ್ನ ಕನ್ನಡಕದ ಪೆಟ್ಟಿಗೆ ಎತ್ತಿಕೊಂಡು ಚೀಲಕ್ಕೆ ಹಾಕಿದಳು.

"ಅವಳನ್ನ ಇಟ್ಕೊಳ್ಳಿ ಮೇಡಂ" ಎಂದಳು. "ನಾನು ಹನ್ನೊಂದು ವರ್ಷ ಮಾತಾಡದೆ ಇದ್ದು ನೋಡಿದ್ದೀನಿ. ಇನ್ನು ಹತ್ತರಿಂದ ಐದರವರೆಗೂ ನನ್ನ ಕೈಲಾಗಲ್ಲ."